ಕೀ ಕೊಡುವ ವಾಚು ಮತ್ತು ಊರಿನ ನಂಬಿಕೆ

ಮೈಸೂರಿನ ಹಳೆಯ ಮನೆಗಳ ಬೀರುಗಳಲ್ಲಿ, ಒಡವೆ ಡಬ್ಬಿಯ ಪಕ್ಕದಲ್ಲೋ ಮನೆಪತ್ರಗಳ ಕೆಳಗೋ, ನಿಂತುಹೋದ ಒಂದು ಕೈಗಡಿಯಾರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದು, ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ತಂದದ್ದು, ನಿವೃತ್ತಿಯ ದಿನ ಕಚೇರಿಯವರು ಹಾರದ ಜೊತೆ ಕೈಗಿತ್ತದ್ದು. ಪಿಂಚಣಿದಾರರ ಊರೆಂದು ಹೆಸರಾದ ಈ ನಗರದಲ್ಲಿ ಅಂಥ ವಾಚುಗಳಿಗೆ ಕೊರತೆಯಿಲ್ಲ. ಈಗ ಮೊಮ್ಮಕ್ಕಳು ಅದನ್ನು ಹೊರತೆಗೆದು ಕಟ್ಟಿಕೊಳ್ಳಲು ಆಸೆಪಡುತ್ತಾರೆ. ಆಗ ಎದುರಾಗುವ ಮೊದಲ ಪ್ರಶ್ನೆ, ಇದನ್ನು ಯಾರ ಕೈಗೆ ಕೊಡುವುದು ಎಂಬುದು. ಹಿರಿಯರನ್ನು ಕೇಳಿದರೆ, ಹಿಂದೆ ಪ್ರಾಮಾಣಿಕರಿದ್ದರು, ಕೆಲಸ ಬಲ್ಲವರಿದ್ದರು, ಈಗ ಅಂಥವರಿಲ್ಲ ಎನ್ನುತ್ತಾರೆ. ಈ ಉತ್ತರ ನನಗೆ ಸಾಲದು. ಮನುಷ್ಯರ ಪ್ರಾಮಾಣಿಕತೆ ಐವತ್ತು ವರ್ಷದಲ್ಲಿ ಹೆಚ್ಚು ಕಡಿಮೆಯಾಗುವ ವಸ್ತು ಎಂದು ನಂಬಲು ಆಧಾರ ಕಾಣುವುದಿಲ್ಲ. ವಾಚು ರಿಪೇರಿಯವನನ್ನು ನಂಬಬಹುದಾದ ಒಂದು ಏರ್ಪಾಡನ್ನು ಈ ಊರು ಸುಮಾರು ನೂರು ವರ್ಷಗಳಲ್ಲಿ, ಯಾರೂ ಯೋಜನೆ ಹಾಕದೆ, ಕಟ್ಟಿಕೊಂಡಿತ್ತು. ಆ ಏರ್ಪಾಡು ಬಿಚ್ಚಿಹೋದದ್ದರಿಂದಲೇ ಇವತ್ತು ನಂಬಿಕಸ್ತರು ಸಿಗುವುದು ಕಷ್ಟವಾಗಿದೆ ಎಂಬುದು ನನ್ನ ವಾದ.

ವಾಚು ಸರಿಯಾಗಿದೆಯೋ ಇಲ್ಲವೋ ಎಂದು ಹೇಳಬೇಕಾದರೆ ಮೊದಲು ಊರಿಗೆಲ್ಲ ಒಪ್ಪಿತವಾದ ಒಂದು ಸಮಯ ಇರಬೇಕು. ಮೈಸೂರಿಗೆ ಅದು ಬಂದದ್ದು ತಡವಾಗಿ, ತುಂಡುತುಂಡಾಗಿ. ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ ಎಂಬ ಲೆಕ್ಕದಲ್ಲಿ, ನೀರಿನಲ್ಲಿ ಮುಳುಗುವ ತೂತಿನ ಬಟ್ಟಲಿನಿಂದ ಹೊತ್ತು ಅಳೆಯುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಅದು ಆಯಾ ಊರಿನ ಸೂರ್ಯೋದಯಕ್ಕೆ ಕಟ್ಟಿಕೊಂಡ ಸಮಯ. 1882ರಲ್ಲಿ ಬೆಂಗಳೂರಿನಿಂದ ರೈಲು ಮೈಸೂರು ಮುಟ್ಟಿದಾಗ ಅದರ ಜೊತೆ ರೈಲಿನ ಸಮಯವೂ ಬಂತು. ಆಗ ರೈಲುಗಳು ನಡೆಯುತ್ತಿದ್ದದ್ದು ಮದ್ರಾಸಿನ ಸಮಯಕ್ಕೆ, ಎಂದರೆ ಮೈಸೂರಿನ ಸೂರ್ಯನಿಗಿಂತ ಸುಮಾರು 14 ನಿಮಿಷ ಮುಂದೆ. 1906ರಲ್ಲಿ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಮೈಸೂರು ಇರುವ ರೇಖಾಂಶವನ್ನು ಲೆಕ್ಕ ಹಾಕಿದರೆ ಇಲ್ಲಿನ ಸ್ವಂತ ಸಮಯ ಪ್ರಮಾಣ ಸಮಯಕ್ಕಿಂತ 23 ನಿಮಿಷ ಚಿಲ್ಲರೆ ಹಿಂದೆ, ಹೆಚ್ಚು ಕಡಿಮೆ ಸರಿಯಾಗಿ ಒಂದು ಗಳಿಗೆ. ಹೊಸ ಸಮಯ ಒಪ್ಪಿಕೊಂಡಾಗ ಊರು ತನ್ನ ಒಂದು ಗಳಿಗೆಯನ್ನು ಬಿಟ್ಟುಕೊಟ್ಟಿತು ಎನ್ನಬಹುದು. ಒಂಟಿಕೊಪ್ಪಲಿನ ಪಂಚಾಂಗ ನೋಡಿ ಮುಹೂರ್ತ ಇಡುವ ಮನೆಗೂ, ರೈಲು ಹಿಡಿಯುವ ಗುಮಾಸ್ತನಿಗೂ ಈಗ ನಿಮಿಷದ ಲೆಕ್ಕ ಬೇಕಾಯಿತು.

ಆ ಲೆಕ್ಕವನ್ನು ಬೀದಿಗೆ ತಂದದ್ದು ಗಡಿಯಾರದ ಗೋಪುರಗಳು. ದೇವರಾಜ ಮಾರುಕಟ್ಟೆಯ ಎದುರಿನ ಚಿಕ್ಕ ಗಡಿಯಾರ 1886ರಲ್ಲಿ ವೈಸರಾಯ್ ಡಫರಿನ್ ಭೇಟಿಯ ನೆನಪಿಗೆಂದು ಎದ್ದಿತು. ಪುರಭವನದ ಬಳಿಯ ದೊಡ್ಡ ಗಡಿಯಾರ 1927ರದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ಸಂಭ್ರಮಕ್ಕೆ ಕಟ್ಟಿದ್ದು, ಎತ್ತರ 75 ಅಡಿ. ಅದಕ್ಕೆ ಹಣ ಕೂಡಿಸಿದವರು ಅರಮನೆಯ ನೌಕರರು ಎಂಬುದನ್ನು ನಾನು ಮುಖ್ಯವೆಂದು ತಿಳಿಯುತ್ತೇನೆ. ಸಂಬಳಕ್ಕೆ ದುಡಿಯುವ ಜನ ಎಲ್ಲರ ಕಣ್ಣಿಗೂ ಬೀಳುವ ಸಮಯವೊಂದಕ್ಕೆ ದುಡ್ಡು ಕೊಟ್ಟರು. ಅದಕ್ಕೆ ಮುಂಚಿನ ಒಳ್ಳೆಯ ಗಡಿಯಾರಗಳು ದೊಡ್ಡವರ ಮನೆಯೊಳಗಿನ ಬೆರಗುಗಳು. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ಫ್ರೆಂಚ್ ಗಡಿಯಾರ ಅಂಥದ್ದು. ಅದರೊಳಗಿನ ಪುಟ್ಟ ಸಿಪಾಯಿಗಳು ತಿರುಗುವುದನ್ನು ನೋಡಲು ಜನ ಇವತ್ತಿಗೂ ಕಾದು ನಿಲ್ಲುತ್ತಾರೆ. ಆದರೆ ಅದನ್ನು ನೋಡಿ ಯಾರೂ ತಮ್ಮ ವಾಚು ಸರಿಪಡಿಸಿಕೊಳ್ಳಲಿಲ್ಲ. ಗೋಪುರದ ಗಡಿಯಾರ ನೋಡಿ ಸರಿಪಡಿಸಿಕೊಂಡರು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಆರಂಭಿಸಿದ ಊರು ಇದು. ಮುಂದೆ ವಾರ್ತೆಗೆ ಮೊದಲು ಬರುವ ಕುಕ್ ಕುಕ್ ಸದ್ದಿಗೆ ಮನೆಮನೆಯಲ್ಲಿ ಮುಳ್ಳು ತಿರುಗಿಸುವುದು ದಿನದ ಕ್ರಮವಾಯಿತು. ರಿಪೇರಿಯವನಿಗೆ ಇದರ ಪರಿಣಾಮ ನೇರವಾದದ್ದು. ಅವನು ಮಾಡಿಕೊಟ್ಟ ಕೆಲಸವನ್ನು ಏನೂ ತಿಳಿಯದ ಗಿರಾಕಿಯೂ ಮರುದಿನವೇ ಪರೀಕ್ಷಿಸಬಹುದಾಗಿತ್ತು.

ಪರೀಕ್ಷೆ ಎಷ್ಟು ಕಠಿಣವಾದದ್ದೆಂದು ಒಂದು ಲೆಕ್ಕ ಹೇಳುತ್ತದೆ. ನಮ್ಮಲ್ಲಿ ಬಹುಕಾಲ ಚಲಾವಣೆಯಲ್ಲಿದ್ದ ಕೀ ಕೊಡುವ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ ಬಡಿಯುತ್ತದೆ, ಎಂದರೆ ದಿನಕ್ಕೆ 4,32,000 ಬಡಿತ. ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುವ ವಾಚನ್ನು ನಾವು ಕೆಟ್ಟ ವಾಚು ಎಂದು ಬಯ್ಯುತ್ತೇವೆ. ಆ ತಪ್ಪಿನ ಪ್ರಮಾಣ 1,440ರಲ್ಲಿ ಒಂದು ಪಾಲು ಮಾತ್ರ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗು, ಒಣಗಿ ಅಂಟಾದ ಹನಿ ಎಣ್ಣೆ, ಬ್ಯಾಲೆನ್ಸ್ ಚಕ್ರದ ಸವೆದ ಅಚ್ಚಿನ ತುದಿ, ಯಾವುದೊಂದು ಕೆಟ್ಟರೂ ಅಷ್ಟು ತಪ್ಪಾಗಲು ಸಾಕು. ಡಯಲ್ ಮೇಲಾಗಿ ಇಟ್ಟಾಗ ಸರಿ ನಡೆಯುವ ವಾಚು ನಿಲ್ಲಿಸಿ ಇಟ್ಟಾಗ ಹಿಂದೆ ಬೀಳಬಹುದು. ಎರಡು ದಿನ ಬಿಟ್ಟು ಬನ್ನಿ ಸಾರ್, ಓಡಿಸಿ ನೋಡಿ ಕೊಡ್ತೀನಿ ಎಂದು ರಿಪೇರಿಯವನು ಹೇಳುತ್ತಿದ್ದುದು ಸಬೂಬಲ್ಲ, ಕೆಲಸದ ಅರ್ಧ ಭಾಗವೇ ಆ ಕಾಯುವಿಕೆ. ತಾನೇ ಎರಡು ದಿನ ನೋಡದೆ ಕೊಟ್ಟವನ ಕೆಲಸವನ್ನು ಗೋಪುರದ ಗಡಿಯಾರ ಬಯಲು ಮಾಡುತ್ತಿತ್ತು.

ಯುರೋಪಿನಲ್ಲಿ ಈ ನಂಬಿಕೆಯ ಕೆಲಸವನ್ನು ಸಂಘಗಳು ಮಾಡಿದವು. ಲಂಡನ್ನಿನ ಗಡಿಯಾರ ತಯಾರಕರ ಸಂಘಕ್ಕೆ ದೊರೆ ಒಂದನೇ ಚಾರ್ಲ್ಸ್ 1631ರಲ್ಲಿ ಸನ್ನದು ಕೊಟ್ಟ. ಯಾರು ಶಿಷ್ಯರಾಗಬಹುದು, ಯಾರು ಅಂಗಡಿ ಇಡಬಹುದು ಎಂಬುದನ್ನು ಅದು ಗೊತ್ತುಮಾಡಿತು, ಕಳಪೆ ಕೆಲಸವನ್ನು ಹುಡುಕಿ ಹಿಡಿಯುವ ಅಧಿಕಾರವೂ ಅದಕ್ಕಿತ್ತು. ಮೈಸೂರಿನಲ್ಲಿ ವಾಚು ರಿಪೇರಿಗೆ ಅಂಥ ಸಂಘವಿರಲಿಲ್ಲ, ಪರೀಕ್ಷೆಯಿರಲಿಲ್ಲ, ಗೋಡೆಗೆ ತೂಗುಹಾಕುವ ಪ್ರಮಾಣಪತ್ರವಿರಲಿಲ್ಲ. ಕಸುಬು ಕಲಿತದ್ದು ಬಲ್ಲವರ ಪಕ್ಕ ಕುಳಿತು. ಮೊದಲು ಗೋಡೆ ಗಡಿಯಾರ, ಆಮೇಲೆ ಟೈಮ್‌ಪೀಸು, ಕೊನೆಗೆ ಕೈಗಡಿಯಾರ. ಸಂಘದ ಜಾಗವನ್ನು ಇಲ್ಲಿ ತುಂಬಿದ್ದು ಅಂಗಡಿಯ ಆಕಾರ ಮತ್ತು ಅದು ಇದ್ದ ಜಾಗ. ರಸ್ತೆಗೆ ಮುಖಮಾಡಿದ ಮೂರಡಿಯ ಗಾಜಿನ ಮೇಜು, ಅದರ ಹಿಂದೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಗ್ಗಿ ಕುಳಿತ ಮನುಷ್ಯ, ಕೈಯಲ್ಲಿ ಚಿಮುಟ. ಅವನು ಏನು ಬಿಚ್ಚಿದ, ಏನು ಹಾಕಿದ ಎಂಬುದು ಎದುರು ನಿಂತವನಿಗೆ ಕಾಣುತ್ತಿತ್ತು. ಬೆಳಕಿಗೋಸ್ಕರ ಮುಂದೆ ಕುಳಿತನೆಂಬುದು ನಿಜ. ಹಾಗೆ ಕುಳಿತದ್ದರಿಂದ ಹುಟ್ಟಿದ ಪಾರದರ್ಶಕತೆಯೂ ಅಷ್ಟೇ ನಿಜ. ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ, ಅಶೋಕ ರಸ್ತೆಗಳು ಕಾಲ್ನಡಿಗೆಯಲ್ಲಿ ಮುಗಿಯುವ ಒಂದೇ ಪೇಟೆ. ಕೆಲಸ ಕೆಟ್ಟರೆ ಆ ಸುದ್ದಿ ಹೂವಿನಂಗಡಿಯಿಂದ ಕಾಫಿಪುಡಿ ಅಂಗಡಿಗೆ ಸಂಜೆಯೊಳಗೆ ತಲುಪುವಷ್ಟು ಚಿಕ್ಕದು.

ಈ ಏರ್ಪಾಡಿನ ದಾಖಲೆಯನ್ನು ಕಡತಗಳಲ್ಲಿ ಹುಡುಕುವುದಕ್ಕಿಂತ ವಾಚುಗಳೊಳಗೇ ಹುಡುಕುವುದು ಲೇಸು. ಹಳೆಯ ವಾಚಿನ ಹಿಂಬದಿಯ ಮುಚ್ಚಳ ತೆಗೆದರೆ ಒಳಮೈಯಲ್ಲಿ ಸೂಜಿಮೊನೆಯಿಂದ ಗೀರಿದ ಸಣ್ಣ ಗುರುತುಗಳು ಎಷ್ಟೋ ಸಲ ಸಿಗುತ್ತವೆ. ಒಂದು ತಾರೀಖು, ಎರಡು ಅಕ್ಷರ, ಒಂದು ಸಂಖ್ಯೆ. ರಿಪೇರಿಯವರು ಪ್ರಪಂಚದ ಎಲ್ಲೆಡೆ ಪಾಲಿಸಿದ ರೂಢಿಯಿದು. ಮಾಲೀಕ ಅದನ್ನು ನೋಡುವುದಿಲ್ಲ, ನೋಡುವವನು ಮುಂದೆ ಅದೇ ವಾಚನ್ನು ಬಿಚ್ಚುವ ಇನ್ನೊಬ್ಬ ಕಸುಬುದಾರ, ಇಲ್ಲವೇ ವರ್ಷಗಳ ನಂತರ ಸ್ವತಃ ಗೀರಿದವನೇ. ಯಾವಾಗ ಎಣ್ಣೆ ಹಾಕಿದ್ದು, ಈ ಕೆಲಸಕ್ಕೆ ಯಾರು ಹೊಣೆ ಎಂಬುದನ್ನು ಆ ಗೀರು ಹೇಳುತ್ತದೆ. ತನ್ನ ಕೆಲಸವನ್ನು ಸರೀಕನೊಬ್ಬ ನೋಡುತ್ತಾನೆಂದು ಗೊತ್ತಿದ್ದವನು ಮಾತ್ರ ಹಾಗೆ ಗುರುತು ಬಿಡಬಲ್ಲ. ಅದಕ್ಕಿಂತ ಗಟ್ಟಿಯಾದ ರುಜುವನ್ನು ನಾನು ಊಹಿಸಿಕೊಳ್ಳಲಾರೆ. ಹಳೆಯ ವಾಚು ಕೊಂಡವರು ಆ ಮುಚ್ಚಳವನ್ನು ತಿಕ್ಕಿ ಹೊಳಪು ಕೊಡಿಸುವುದನ್ನು ಕಂಡರೆ ಸಂಕಟವಾಗುತ್ತದೆ.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುವುದು ಸಹಜ. ಹಿಂದಿನದನ್ನು ಬಣ್ಣಿಸುತ್ತಿದ್ದೀರಿ, ಆ ಕಾಲದಲ್ಲೂ ಜನ ರಿಪೇರಿಯವರನ್ನು ಅನುಮಾನಿಸುತ್ತಿರಲಿಲ್ಲವೇ? ಖಂಡಿತ ಅನುಮಾನಿಸುತ್ತಿದ್ದರು. ವಾಚಿನೊಳಗಿನ ಕಲ್ಲು ಕದಿಯುತ್ತಾರೆ, ಆದ್ದರಿಂದ ಎದುರು ಕುಳಿತೇ ಮಾಡಿಸಬೇಕು ಎಂಬ ಎಚ್ಚರಿಕೆ ಮನೆಮನೆಯಲ್ಲಿತ್ತು. ಕಲ್ಲಿನ ಕಥೆ ಬಹುಪಾಲು ಹುರುಳಿಲ್ಲದ್ದು. ಫ್ರಾನ್ಸಿನ ವರ್ನೂಯಿ ಕೃತಕ ಮಾಣಿಕ್ಯ ತಯಾರಿಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ವಾಚುಗಳಿಗೆ ಬಳಕೆಯಾದವು ಅಂಥ ಕಲ್ಲುಗಳೇ. ಹದಿನೇಳು ಕಲ್ಲಿನ ವಾಚಿನಿಂದ ಎಲ್ಲವನ್ನೂ ಕಿತ್ತು ಮಾರಿದರೆ ಒಂದು ಹೊತ್ತಿನ ಊಟಕ್ಕೂ ಆಗದು, ಕಿತ್ತ ವಾಚು ನಡೆಯುವುದೂ ಇಲ್ಲ. ನಿಜವಾದ ಮೋಸ ಬೇರೆ ಬಗೆಯದು. ಒಳ್ಳೆಯ ಬಿಡಿಭಾಗ ತೆಗೆದು ಸವೆದದ್ದನ್ನು ಕೂರಿಸುವುದು, ತೊಳೆಯದೆಯೇ ಒಂದು ಹನಿ ಎಣ್ಣೆ ಬಿಟ್ಟು ಪೂರ್ತಿ ಸರ್ವಿಸಿನ ದುಡ್ಡು ಕೇಳುವುದು. ಅದು ಆಗಲೂ ಇತ್ತು. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆ. ಅನುಮಾನವಿತ್ತು, ಅದನ್ನು ಪರಿಹರಿಸಿಕೊಳ್ಳುವ ದಾರಿಯೂ ಇತ್ತು. ಎದುರು ಕೂರಬಹುದಿತ್ತು, ಗೋಪುರ ನೋಡಬಹುದಿತ್ತು, ಪಕ್ಕದ ಅಂಗಡಿಯಲ್ಲಿ ವಿಚಾರಿಸಬಹುದಿತ್ತು, ನಾಳೆ ಬಂದು ಜಗಳವಾಡಬಹುದಿತ್ತು. ಹಿಂದಿನವರು ಈಗಿನವರಿಗಿಂತ ಒಳ್ಳೆಯವರೆಂದು ನಾನು ಹೇಳುತ್ತಿಲ್ಲ. ಕೆಟ್ಟ ಕೆಲಸ ಆಗ ಬೇಗ ಸಿಕ್ಕಿಬೀಳುತ್ತಿತ್ತು.

ಕೈಗಡಿಯಾರ ಸಾಮಾನ್ಯರ ಕೈಗೆ ಏರಿದ ರೀತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಜೇಬಿನ ಗಡಿಯಾರಕ್ಕಿಂತ ಕೈಗೆ ಕಟ್ಟುವುದು ಅನುಕೂಲವಾಯಿತು. ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಗೆಲ್ಲುವುದರಲ್ಲಿ ಪಾಲುಗೊಂಡ ಯುದ್ಧವದು. ಭಾರತದ ಮಾರುಕಟ್ಟೆಗೆಂದೇ ವಾಚು ತರಿಸುತ್ತಿದ್ದ ವೆಸ್ಟ್ ಎಂಡ್ ಕಂಪನಿ ತನ್ನ ಒಂದು ಮಾದರಿಗೆ ಸೋವಾರ್ ಎಂದೇ ಹೆಸರಿಟ್ಟಿತು, ಕುದುರೆ ಸವಾರನ ಹೆಸರು. ಫಾವ್ರೆ ಲ್ಯೂಬಾ, ಹೆನ್ರಿ ಸ್ಯಾಂಡೋಜ್, ರೋಮರ್, ಕ್ಯಾಮಿ ಎಂಬ ಸ್ವಿಸ್ ಹೆಸರುಗಳು ಮಧ್ಯಮ ವರ್ಗದ ಬಾಯಲ್ಲಿ ಆಡತೊಡಗಿದವು. ಪ್ರತಿ ಕಂಪನಿಯ ಯಂತ್ರ ಬೇರೆ, ಬಿಡಿಭಾಗ ಬೇರೆ. ಸ್ವಾತಂತ್ರ್ಯಾನಂತರ ಆಮದಿಗೆ ಕಡಿವಾಣ ಬಿದ್ದಾಗ ಭಾಗಗಳು ಇನ್ನೂ ದುರ್ಲಭವಾದವು. ಆಗ ರಿಪೇರಿಯವನ ಮೇಲೆ ಇಡಬೇಕಾದ ನಂಬಿಕೆ ಬಹಳ ದೊಡ್ಡದು. ಇಲ್ಲದ ಭಾಗವನ್ನು ಅವನು ಲೇತಿನಲ್ಲಿ ಕಡೆಯಬೇಕು, ಇಲ್ಲವೇ ಸತ್ತ ಇನ್ನೊಂದು ವಾಚಿನಿಂದ ತೆಗೆದು ಹೊಂದಿಸಬೇಕು. ಒಳಗೆ ಏನಾಯಿತೆಂದು ಅವನೊಬ್ಬನಿಗೇ ಗೊತ್ತು.

ಆ ಹೊರೆಯನ್ನು ಇಳಿಸಿದ್ದು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಆರಂಭವಾಯಿತು, ಮುಂದೆ ತುಮಕೂರಿನಲ್ಲೂ ಒಂದು ಎದ್ದಿತು. ಎಚ್‌ಎಂಟಿಯ ಜನತಾ ವಾಚಿನೊಳಗಿನ 17 ಕಲ್ಲಿನ ಕೀ ಕೊಡುವ ಯಂತ್ರವೇ ನಂತರದ ವರ್ಷಗಳ ಪೈಲಟ್ ಮುಂತಾದ ಮಾದರಿಗಳಲ್ಲೂ ಕೂತಿತು. ಎಚ್‌ಎಂಟಿ ದೇಶಕ್ಕೆ ಅಗ್ಗದ ವಾಚು ಕೊಟ್ಟಿತೆಂದು ಎಲ್ಲರೂ ಹೇಳುತ್ತಾರೆ. ಅದು ರಿಪೇರಿಯವನಿಗೂ ಗಿರಾಕಿಗೂ ನಡುವೆ ಒಂದು ಸಮಾನ ತಿಳಿವಳಿಕೆ ಕೊಟ್ಟಿತು ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಒಂದೇ ಯಂತ್ರ ಸಾವಿರಾರು ಕೈಗಳಲ್ಲಿದ್ದಾಗ ಅದರ ರೋಗಗಳು ಎಲ್ಲರಿಗೂ ಗೊತ್ತು, ಭಾಗಗಳ ಬೆಲೆ ಗೊತ್ತು, ಒಬ್ಬ ಹೆಚ್ಚು ಕೇಳಿದರೆ ಇನ್ನೊಬ್ಬನಲ್ಲಿ ಕೇಳಬಹುದು. ರೇಷ್ಮೆ ಕಾರ್ಖಾನೆಯ ಪಾಳಿಗೆ ಹೋಗುವವರು, ಐಡಿಯಲ್ ಜಾವಾ ಬೈಕು ಕಾರ್ಖಾನೆಯಲ್ಲಿ ದುಡಿಯುವವರು, ವಿಶ್ವವಿದ್ಯಾನಿಲಯದ ಅಧ್ಯಾಪಕರು, ಎಲ್ಲರ ಕೈಯಲ್ಲೂ ಹೆಚ್ಚು ಕಡಿಮೆ ಅದೇ ವಾಚು. ಜಾವಾ ಬೈಕಿನ ಮಾತು ಬಂದದ್ದರಿಂದ ಹೇಳುತ್ತೇನೆ: ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಮೈಸೂರಿನಲ್ಲಿ ಆ ಬೈಕುಗಳನ್ನು ಬಲ್ಲ ಮೆಕ್ಯಾನಿಕ್‌ಗಳು ಉಳಿದರು. ಬೈಕುಗಳು ರಸ್ತೆಯ ಮೇಲೆ ಓಡುತ್ತಲೇ ಇದ್ದವು, ಕೆಲಸ ಬರುತ್ತಲೇ ಇತ್ತು.

ವಾಚಿನ ವಿಷಯದಲ್ಲಿ ಹಾಗಾಗಲಿಲ್ಲ. ಸೈಕೊ ಕಂಪನಿ 1969ರ ಡಿಸೆಂಬರ್‌ನಲ್ಲಿ ಮಾರಾಟಕ್ಕಿಟ್ಟ ಕ್ವಾರ್ಟ್ಜ್ ವಾಚು ನಮ್ಮ ಕಡೆ ಮನೆಮಾತಾದದ್ದು 1980ರ ದಶಕದ ಕೊನೆಯಲ್ಲಿ, ಹೊಸೂರಿನ ಟೈಟನ್ ಕಾರ್ಖಾನೆಯಿಂದ. ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವ ಟೈಟನ್ ವಾಚಿಗೆ ಕೀ ಬೇಡ, ಎಣ್ಣೆಯ ಗೊಡವೆ ಕಡಿಮೆ, ತಿಂಗಳಿಗೆ ಕೆಲವೇ ಸೆಕೆಂಡು ವ್ಯತ್ಯಾಸ. ರಿಪೇರಿಯವನ ಕೆಲಸ ಸೆಲ್ ಬದಲಿಸುವುದಕ್ಕೆ, ಬೆಲ್ಟ್ ಹಾಕುವುದಕ್ಕೆ ಇಳಿಯಿತು. ಆ ಮೇಲೆ ಮೊಬೈಲ್ ಬಂತು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನಕ್ಕೆ 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟಿತು. ಊರಿನ ಕಟ್ಟಡಗಳೂ ಅದೇ ಹೊತ್ತಿಗೆ ಸಡಿಲಗೊಂಡವು. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅಲ್ಲಿನ ಸಣ್ಣ ಅಂಗಡಿಗಳು ಖಾಲಿಯಾದವು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಬಿತ್ತು. ಸಣ್ಣ ಕಸುಬಿಗೆ ಸ್ಥಿರವಾದ ವಿಳಾಸವೇ ಬಂಡವಾಳ. ಅದು ಕೈತಪ್ಪಿದಾಗ ಮಗನನ್ನು ಅದೇ ಮೇಜಿನ ಹಿಂದೆ ಕೂರಿಸುವ ಧೈರ್ಯ ಯಾವ ತಂದೆಗೆ ಬಂದೀತು?

ಈಗ ಹಳೆಯ ವಾಚಿಗೆ ಬೆಲೆ ಬಂದಿದೆ. ಬೆಲೆ ಬಂದಾಗ ಹೊಸ ಬಗೆಯ ಮೋಸವೂ ಬರುತ್ತದೆ. ಹಳೆಯ ಡಯಲನ್ನು ತಿಕ್ಕಿ ಹೊಸ ಬಣ್ಣ ಬಳಿದು ಹೆಸರು ಅಚ್ಚುಹಾಕಿಸುವುದು, ಮೂರು ವಾಚುಗಳ ಭಾಗ ಸೇರಿಸಿ ಒಂದು ಮಾಡುವುದು, ಜನತಾದ ಮೈಗೆ ಪೈಲಟ್ ಮುಖ ಕೊಡುವುದು ನಡೆಯುತ್ತಿದೆ. ಹೀಗಿರುವಾಗ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಕೊಡಬಾರದೇಕೆ ಎಂದು ಕೇಳಬಹುದು. ಇವತ್ತಿನ ವಾಚಿಗೆ ಅದೇ ಸರಿ. ಆದರೆ ಕಾರ್ಖಾನೆಯೇ ಮುಚ್ಚಿದ ವಾಚಿಗೆ ಅಂಥ ಬಾಗಿಲು ಎಲ್ಲಿದೆ? ಕಂಪನಿ ಬದುಕಿರುವ ಕಡೆಯೂ ಹಳೆಯ ಡಯಲು, ಹಳೆಯ ಮುಳ್ಳು ತೆಗೆದು ಹೊಸದು ಹಾಕಿ ಕೊಡುವ ಸಾಧ್ಯತೆ ಹೆಚ್ಚು. ಸರ್ವಿಸ್ ಸೆಂಟರಿಗೆ ವಾಚು ನಡೆದರೆ ಸಾಕು. ಅಜ್ಜನ ಕೈಯಲ್ಲಿದ್ದ ಮುಖವೇ ಉಳಿಯಬೇಕು ಎಂಬುದು ನಮ್ಮ ಅಗತ್ಯ, ಅದನ್ನು ಎದುರು ಕುಳಿತ ಮನುಷ್ಯನಿಗೆ ಮಾತ್ರ ಹೇಳಿ ಒಪ್ಪಿಸಬಹುದು. ರೇಡಿಯಂ ಬಳಿದ ಬಹಳ ಹಳೆಯ ಡಯಲುಗಳಿದ್ದರಂತೂ ಈ ಮಾತು ಆರೋಗ್ಯಕ್ಕೂ ಸಂಬಂಧಿಸಿದ್ದು. ಹೊಳಪು ಸತ್ತರೂ ರೇಡಿಯಂನ ವಿಕಿರಣ ಸಾಯುವುದಿಲ್ಲ, ಅದು ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಅಂಥದ್ದನ್ನು ಕೆರೆದು ಹೊಸದಾಗಿಸಿ ಕೊಡುತ್ತೇನೆ ಎನ್ನುವವನ ಕೈಗೆ ವಾಚು ಕೊಡಬಾರದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಪರೀಕ್ಷೆಯ ಸೌಲಭ್ಯ ಕಳೆದುಹೋಗಿದೆ ಎಂದಿರಿ, ಈಗ ಪ್ರತಿಯೊಬ್ಬರ ಜೇಬಿನಲ್ಲೂ ದೊಡ್ಡ ಗಡಿಯಾರಕ್ಕಿಂತ ನಿಖರವಾದ ಫೋನಿದೆ, ವಾಚಿನ ಟಿಕ್ ಟಿಕ್ ಕೇಳಿ ದಿನಕ್ಕೆ ಎಷ್ಟು ಸೆಕೆಂಡು ತಪ್ಪುತ್ತದೆಂದು ತೋರಿಸುವ ಯಂತ್ರ ಅಗ್ಗವಾಗಿ ಸಿಗುತ್ತದೆ, ಮತ್ತೇಕೆ ನಂಬಿಕೆ ಹುಟ್ಟುತ್ತಿಲ್ಲ? ಅಳತೆಯ ಸಾಧನ ಸುಧಾರಿಸಿದೆ ಎಂಬುದನ್ನು ಒಪ್ಪುತ್ತೇನೆ. ಕಳೆದುಹೋದದ್ದು ಮತ್ತೆ ಮತ್ತೆ ಮುಖ ನೋಡುವ ಸಂಬಂಧ. 1970ರ ಗುಮಾಸ್ತ ದಿನವೂ ವಾಚು ಕಟ್ಟುತ್ತಿದ್ದ, ಕೆಲವು ವರ್ಷಕ್ಕೊಮ್ಮೆ ತೊಳೆಸಿ ಎಣ್ಣೆ ಹಾಕಿಸುತ್ತಿದ್ದ, ಬೆಳಗೂ ಸಂಜೆಯೂ ಅಂಗಡಿಯ ಮುಂದೆಯೇ ನಡೆದು ಹೋಗುತ್ತಿದ್ದ. ಅವನನ್ನು ಕಳೆದುಕೊಳ್ಳುವುದು ರಿಪೇರಿಯವನಿಗೆ ನಷ್ಟ. ಇವತ್ತಿನ ಗಿರಾಕಿ ಹತ್ತು ವರ್ಷಕ್ಕೊಮ್ಮೆ ಒಂದು ವಾಚು ಹಿಡಿದು ಬರುತ್ತಾನೆ, ಚೌಕಾಸಿ ಮಾಡುತ್ತಾನೆ, ಸರಿಯಾದ ವಾಚನ್ನು ಮತ್ತೆ ಬೀರುವಿನಲ್ಲಿಡುತ್ತಾನೆ. ಎಣ್ಣೆ ಅಲ್ಲೇ ಒಣಗುತ್ತದೆ. ಮತ್ತೆ ತೆಗೆದಾಗ ನಿಂತಿದ್ದರೆ ರಿಪೇರಿಯವನು ಕೆಟ್ಟವನಾಗುತ್ತಾನೆ. ನಂಬಿಕಸ್ತ ರಿಪೇರಿಯವನು ಇಲ್ಲ ಎನ್ನುವಾಗ ನಂಬಿಕಸ್ತ ಗಿರಾಕಿಯೂ ಇಲ್ಲವಾದ ಸಂಗತಿಯನ್ನು ನಾವು ಮರೆಯುತ್ತೇವೆ.

ಆದ್ದರಿಂದ ಹುಡುಕುವವರು ಹೆಸರು ಕೇಳಿ ಓಡುವುದಕ್ಕಿಂತ ಆ ಹಳೆಯ ಏರ್ಪಾಡಿನ ತುಣುಕುಗಳನ್ನು ಮತ್ತೆ ಜೋಡಿಸಿಕೊಳ್ಳುವುದು ಒಳಿತು. ದೇವರಾಜ ಅರಸು ರಸ್ತೆಯ ಸುತ್ತಮುತ್ತ, ಮಾರುಕಟ್ಟೆಯ ಓಣಿಗಳಲ್ಲಿ, ಮೇಜಿನ ಹಿಂದೆ ಬಗ್ಗಿ ಕುಳಿತು ಕೆಲಸ ಮಾಡುವವರು ಇನ್ನೂ ಪೂರ್ತಿ ಇಲ್ಲವಾಗಿಲ್ಲ. ಮೊದಲು ಅಗ್ಗದ ಎಚ್‌ಎಂಟಿಯೊಂದನ್ನು ಕೊಟ್ಟು ನೋಡಿ. ಏನು ಕೆಟ್ಟಿದೆ ಎಂದು ಬಿಚ್ಚುವ ಮುಂಚೆಯೇ ಹೇಳುವವನಿಗಿಂತ ಬಿಚ್ಚಿ ತೋರಿಸಿ ಹೇಳುವವನನ್ನು ಆರಿಸಿ. ತೆಗೆದ ಭಾಗಗಳನ್ನು ವಾಪಸು ಕೇಳಿ, ಡಯಲ್ ಮುಟ್ಟಬೇಡಿ ಎಂದು ಮೊದಲೇ ಹೇಳಿ, ಎಷ್ಟು ದಿನ ಬೇಕೆಂದರೂ ಕೊಡಿ, ಕೇಳಿದ ಕೂಲಿಯನ್ನು ಕತ್ತರಿಸಬೇಡಿ. ಸರಿಯಾದ ವಾಚನ್ನು ಕಟ್ಟಿಕೊಂಡು ಓಡಾಡಿ, ಮುಂದಿನ ಸಲ ಅದೇ ಅಂಗಡಿಗೆ ಹೋಗಿ.

ಉಳಿದ ಕೆಲಸ ನಗರಪಾಲಿಕೆಯದು. ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡಗಳನ್ನು ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಗೋಡೆ, ಕಮಾನು, ಸುಣ್ಣದ ಗಾರೆಯ ಬಗ್ಗೆ ತಜ್ಞರು ಬಹಳ ಮಾತಾಡಿದ್ದಾರೆ, ಅದು ಬೇಕಾದದ್ದೇ. ಅದರ ಜೊತೆಗೆ, ಆ ಕಟ್ಟಡಗಳು ಮತ್ತೆ ತೆರೆಯುವ ದಿನ ರಸ್ತೆಗೆ ಮುಖಮಾಡಿದ ಮೂರಡಿ ಮೇಜಿನ ಜಾಗಗಳನ್ನು ಕಡಿಮೆ ಬಾಡಿಗೆಗೆ, ದೀರ್ಘಾವಧಿಗೆ, ವಾಚು, ಪೆನ್ನು, ರೇಡಿಯೋ ರಿಪೇರಿಯಂಥ ಕಸುಬುಗಳಿಗೆ ಮೀಸಲಿಡುವುದಾಗಿ ಪಾಲಿಕೆ ಈಗಲೇ ಬರೆದುಕೊಡಲಿ.